ಗುಂಡಿಗೆಗೆ ಒಂದು ‘ಗೆ’ ಕಡಿಮೆ

ಬಸ್ ನಿಲ್ದಾಣದ ಘೋಷಕರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು. ಸಂಬಳದ ಪಟ್ಟಿಯಲ್ಲಿ ಅದು ಇದೆಯೆಂದು ಬಲ್ಲವರು ಹೇಳುತ್ತಾರೆ. ಆದರೆ ಇಪ್ಪತ್ತಾರು ವರ್ಷ, ದಿನಕ್ಕೆ ಇನ್ನೂರು ಸಲ, ‘ಪ್ರಯಾಣಿಕರ ಗಮನಕ್ಕೆ’ ಎಂದು ಮೈಕಿನಲ್ಲಿ ಹೇಳಿದ ಮನುಷ್ಯನಿಗೆ ಬೇರೆ ಹೆಸರು ಉಳಿಯುವುದು ಕಷ್ಟ. ಚಾಲಕರಿಗೆ, ಕಂಡಕ್ಟರುಗಳಿಗೆ, ಪೆನ್ನು ಬಾಚಣಿಗೆ ಮಾರುವವರಿಗೆ ಅವರು ‘ಗಮನಕ್ಕೆ’. ಗೌರವ ಹೆಚ್ಚಾದರೆ ‘ಗಮನಕ್ಕೆ ಸಾರ್’.

ಅವರಿಗೆ ಇದ್ದದ್ದು ಎರಡೇ ಆಸ್ತಿ. ಒಂದು, ಕಂಠ. ಆ ಕಂಠ ಕೇಳಿ ನಿದ್ದೆಯಲ್ಲಿದ್ದ ಮಕ್ಕಳೂ ಎದ್ದು ಸರಿಯಾದ ಬಸ್ಸು ಹತ್ತುತ್ತಿದ್ದರೆಂಬುದು ಉತ್ಪ್ರೇಕ್ಷೆಯಾದರೂ ಪೂರ್ತಿ ಸುಳ್ಳಲ್ಲ. ಇನ್ನೊಂದು, ಭಾಷಾಶುದ್ಧಿ. ಪ್ಲಾಟ್‌ಫಾರ್ಮನ್ನು ‘ಅಂಕಣ’ ಮಾಡಿದವರು ಅವರೇ. ‘ಲೇಟು’ ಎಂಬ ಶಬ್ದ ಅವರ ಬಾಯಿಗೆ ಬಂದದ್ದಿಲ್ಲ. ‘ಬಸ್ಸು ವಿಳಂಬವಾಗಿ ಹೊರಡಲಿದೆ’ ಎಂದು ಅವರು ಮೊದಲ ಸಲ ಹೇಳಿದ ದಿನ, ವಿಳಂಬ ಎಂಬ ಊರಿಗೆ ಟಿಕೆಟ್ ಎಷ್ಟು ಎಂದು ವಿಚಾರಣೆಯ ಕಿಟಕಿಯಲ್ಲಿ ಇಬ್ಬರು ಕೇಳಿದ್ದರು.

ಇಂಥವರ ಮೇಜಿನ ಮೇಲೆ ಒಂದು ದಿನ ನಿಲ್ದಾಣದ ಮೇಲ್ವಿಚಾರಕರು ಸುತ್ತೋಲೆಯೊಂದನ್ನು ತಂದಿಟ್ಟರು. ಗಮನಕ್ಕೆಯವರು ಕೆಂಪು ಪೆನ್ನು ತೆಗೆದು ಮೊದಲು ಎರಡು ಕಾಗುಣಿತದ ತಪ್ಪುಗಳಿಗೆ ಸುತ್ತು ಹಾಕಿದರು. ಆಮೇಲೆ ವಿಷಯ ಓದಿದರು. ಐವತ್ತು ದಾಟಿದ ಘೋಷಕರೆಲ್ಲ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು ಯೋಗ್ಯತಾಪತ್ರ ತರಬೇಕು. ತರದಿದ್ದವರ ಜಾಗಕ್ಕೆ ಧ್ವನಿಯಂತ್ರ ಬರುತ್ತದೆ. ಅವರು ‘ಕಳೆದ ವಸ್ತುಗಳ ಕೊಠಡಿ’ಗೆ ಹೋಗತಕ್ಕದ್ದು.

“ಹೆದರ್ಬೇಡಿ ಗಮನಕ್ಕೆ. ಗುಂಡುಕಲ್ಲಿನ ಹಾಗಿದೀರಿ,” ಎಂದರು ಮೇಲ್ವಿಚಾರಕರು.

ಗುಂಡುಕಲ್ಲಿನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದ ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು.

“ನೂರ ಎಪ್ಪತ್ತು, ನೂರ ಹತ್ತು.”

“ಎರಡೂ ಮೂರನೇ ಅಂಕಣದಿಂದಲೇ ಹೊರಡ್ತವೆ,” ಎಂದರು ಗಮನಕ್ಕೆ, ಅಭ್ಯಾಸಬಲದಿಂದ.

“ಬಸ್ ನಂಬರ್ ಅಲ್ಲ ಸ್ವಾಮಿ, ನಿಮ್ಮ ಪ್ರೆಶರು. ಹಾರ್ಟು ಕೂಡ ಸ್ವಲ್ಪ ದೊಡ್ಡದಾಗಿದೆ.”

“ಗುಂಡಿಗೆ.”

“ಏನು?”

“ಹಾರ್ಟು ಅನ್ಬೇಡಿ ಡಾಕ್ಟ್ರೇ. ಗುಂಡಿಗೆ ಅಂತ ಗುಂಡುಗುಂಡಾದ ಮಾತಿದೆ ನಮ್ಮಲ್ಲಿ. ಹೃದಯ ಅಂತೀರೇನೋ, ಅದು ಸಂಸ್ಕೃತ.”

‘ಗಮನ’ವೂ ಅಲ್ಲಿಂದಲೇ ಬಂದದ್ದೆಂದು ಡಾಕ್ಟರಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಈ ಕಥೆ ಆ ಕೋಣೆಯಲ್ಲೇ ಮುಗಿದು, ಒಬ್ಬ ಮನುಷ್ಯ ಉಳಿದುಕೊಳ್ಳುತ್ತಿದ್ದ.

“ಏನು ಬೇಕಾದ್ರೂ ಅನ್ಕೊಳ್ಳಿ. ದಿನಾ ಬೆಳಿಗ್ಗೆ ಈ ಮಾತ್ರೆ ಒಂದು. ಮೂರು ವಾರ ಬಿಟ್ಟು ಬನ್ನಿ. ಇಳಿದಿದ್ರೆ ಸಹಿ ಹಾಕ್ತೀನಿ. ಇಲ್ದಿದ್ರೆ ಮೈಕಿನ ಆಸೆ ಬಿಡಿ.”

ಗಮನಕ್ಕೆಯವರು ಮಾತ್ರೆಯ ಪೊಟ್ಟಣವನ್ನು ಮನೆಗೆ ತಂದು ನಾಲ್ಕೂ ಕಡೆ ತಿರುಗಿಸಿ ನೋಡಿ ಮೇಜಿನ ಖಾನೆಗೆ ಹಾಕಿದರು.

“ನುಂಗಲ್ವಾ?” ಎಂದಳು ಹೆಂಡತಿ.

“ಅದರ ಮೇಲೆ ನಮ್ಮ ಅಕ್ಷರ ಒಂದಾದ್ರೂ ಇದೆಯಾ? ಓದಕ್ಕೇ ಬಾರದ್ದನ್ನ ಗುಂಡಿಗೆಗೆ ಹೇಗೆ ಕಳಿಸಲಿ?”

“ನಿಮ್ಮ ಗುಂಡಿಗೆ ಗಿಂಡಿಗೆ ನಂಗೆ ಗೊತ್ತಿಲ್ಲ. ಹಾರ್ಟು ನಿಂತೋದ್ರೆ ಯಾವ ಭಾಷೇಲಿ ಅಳ್ಬೇಕು, ಅದೊಂದು ಈಗ್ಲೇ ಹೇಳ್ಬಿಡಿ.”

ಹೆಂಡತಿ ಖಾನೆಯ ಕಡೆ ಒಂದು ಸಲ ನೋಡಿ ಒಳಗೆ ಹೋದಳು.

ಎದೆಯ ಸುದ್ದಿ ಬೀದಿಯಲ್ಲಿ ಹರಡಲು ಬಸ್ಸು ಬೇಕಾಗುವುದಿಲ್ಲ. ಸಂಜೆಯೊಳಗೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಬಂದು ಬೆಳ್ಳುಳ್ಳಿ ಎಂದರು. ನಿವೃತ್ತರಾದ ಮೇಲೆ ಅವರು ಚಿತ್ರ ಬಿಡಿಸುವುದನ್ನು ಬಿಟ್ಟು ಸಲಹೆ ಕೊಡುವುದನ್ನು ಹಿಡಿದಿದ್ದರು. ಮಹಡಿಯ ಮೇಲಿದ್ದ ಟೈಲರು ಅರ್ಧ ಮೆಟ್ಟಿಲು ಇಳಿದು ನಿಂತು ದಾಸವಾಳದ ಕಷಾಯ ಎಂದ. ನಾದಿನಿ ಫೋನಿನಲ್ಲಿ ಶುಂಠಿ ಎಂದಳು. ಅವಳ ಗಂಡ ಅದೇ ಫೋನು ಕಸಿದುಕೊಂಡು ಶುಂಠಿ ಬೇಡ, ಮೆಂತ್ಯ ಎಂದ. ಗಂಡಹೆಂಡಿರು ಆ ಕಡೆ ಜಗಳಕ್ಕೆ ಬಿದ್ದದ್ದರಿಂದ ಪ್ರಮಾಣ ಎಷ್ಟೆಂದು ತಿಳಿಯಲಿಲ್ಲ.

ಗಮನಕ್ಕೆಯವರು ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ. “ಎಲ್ಲಿ ಬರೆದಿದೆ?”

“ಬರೆಯೋದೇನು ಸಾರ್, ಎಲ್ಲರಿಗೂ ಗೊತ್ತಿರೋದು,” ಎಂದರು ಮೇಷ್ಟ್ರು.

“ಎಲ್ಲರಿಗೂ ಗೊತ್ತಿರೋದು ತಪ್ಪೇ ಇರುತ್ತೆ ಮೇಷ್ಟ್ರೇ. ಎಲ್ಲರೂ ‘ಅಧ್ಯಕ್ಷ’ಕ್ಕೆ ಅಲ್ಪಪ್ರಾಣ ಹಾಕ್ತಾರೆ.”

ಆದರೂ ಬೆಳ್ಳುಳ್ಳಿಯನ್ನು ಒಂದು ದಿನ ಪ್ರಯೋಗಿಸಿದರು. ಘೋಷಕರ ಗಾಜಿನ ಗೂಡು ಬಾಗಿಲು ಮುಚ್ಚಿದರೆ ಡಬ್ಬಿಯಂತೆ. ಮೂರು ಎಸಳು ಜಗಿದು ಎಂಟು ಗಂಟೆ ಅದರಲ್ಲಿ ಕೂತು ಎದ್ದರು. ಸಂಜೆ ಪಾಳಿಯ ಹುಡುಗಿ ಒಳಗೆ ಬಂದವಳು ಮೈಕಿನ ಸ್ಪಂಜನ್ನು ಬೆರಳತುದಿಯಲ್ಲಿ ಹಿಡಿದು ಮೇಲ್ವಿಚಾರಕರ ಮೇಜಿನ ಮೇಲಿಟ್ಟು, ಎರಡು ದಿನದ ರಜೆ ಬರೆದು ಹೋದಳು. ಬೆಳ್ಳುಳ್ಳಿ ಅಲ್ಲಿಗೆ ನಿಂತಿತು.

ನಿಲ್ದಾಣದ ಗೋಡೆಗೆ ಹೊಂದಿಕೊಂಡು ಒಂದು ನರ್ಸರಿ ಇತ್ತು. ಅದರ ಬೋರ್ಡನ್ನು ಗಮನಕ್ಕೆಯವರು ದಿನವೂ ನೋಡುತ್ತಿದ್ದರು: ‘ಇಲ್ಲಿ ಔಷಧೀಯ ಸಸ್ಯಗಳು ದೊರೆಯುತ್ತವೆ’. ಔಷಧೀಯದ ಷಕಾರ, ಧಕಾರ, ದೀರ್ಘ ಮೂರೂ ಸರಿಯಾಗಿದ್ದ ಬೋರ್ಡು ಆ ರಸ್ತೆಯಲ್ಲಿ ಅದೊಂದೇ. ಇಂಥ ಬೋರ್ಡು ಬರೆಸಿದವನ ಕೈಯಲ್ಲಿ ತನ್ನ ಗುಂಡಿಗೆಯನ್ನು ಇಡಬಹುದೆಂದು ಅವರಿಗೆ ಅನ್ನಿಸಿತು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ನಿಲ್ದಾಣದ ಗೋಡೆಯುದ್ದಕ್ಕೂ ದಾಸವಾಳ ನೆಡಬೇಕೆಂದು ಮೇಲ್ವಿಚಾರಕರು ಅದೇ ವಾರ ಹನ್ನೆರಡು ಗುಂಡಿ ತೋಡಿಸಿದ್ದರು. ‘ನಮ್ಮವರೊಬ್ಬರು ಬರ್ತಾರೆ, ಗುಂಡಿಗೆ ಏನೇನು ಹಾಕಬೇಕು ಬರೆದು ಕೊಡಿ’ ಎಂದು ನರ್ಸರಿಯ ಯಜಮಾನನಿಗೆ ಹೇಳಿಯೂ ಹೋಗಿದ್ದರು. ಯಜಮಾನ ಕಾಯುತ್ತಿದ್ದ.

“ನಮಸ್ಕಾರ. ನಿಲ್ದಾಣದಿಂದ ಬಂದೆ. ಗುಂಡಿಗೆಗೆ ಏನು ಹಾಕಬೇಕು ಅಂತ ಕೇಳೋಣ ಅಂತ...”

ಈ ಮಾತಿನ ನಡುವೆಯೇ ಹಿಂದಕ್ಕೆ ಬರುತ್ತಿದ್ದ ಬಸ್ಸೊಂದು ಹಾರನ್ನು ಹೊಡೆಯಿತು. ಆ ಹಾರನ್ನಿನ ಕೆಳಗೆ ಸಿಕ್ಕಿ ಒಂದು ‘ಗೆ’ ಸ್ಥಳದಲ್ಲೇ ಸತ್ತಿತು.

“ಓ, ಗುಂಡಿಗಾ? ಬನ್ನಿ ಬನ್ನಿ. ನಿಮ್ಮ ಸಾಹೇಬ್ರು ನಿನ್ನೇನೇ ಬಂದು ಹೇಳಿದ್ರು, ನಮ್ಮವರು ಬರ್ತಾರೆ ಅಂತ.”

ಗಮನಕ್ಕೆಯವರ ಕಣ್ಣು ಒದ್ದೆಯಾಯಿತು. ಮೇಲ್ವಿಚಾರಕರಿಗೆ ತನ್ನ ಮೇಲೆ ಇಷ್ಟು ಅಕ್ಕರೆಯೇ!

“ಎಷ್ಟು ದೊಡ್ಡದಿದೆ?” ಎಂದ ಯಜಮಾನ, ಕುಂಡಕ್ಕೆ ಮಣ್ಣು ತುಂಬುತ್ತ.

“ಇರಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದೇ ಅಂತೆ.”

“ದೊಡ್ಡದಾದ್ರೆ ಒಳ್ಳೇದೇ ಆಯ್ತು. ಸಣ್ಣದಾದ್ರೇ ಕಷ್ಟ.”

ಈ ಮಾತನ್ನು ಡಾಕ್ಟರು ಹೇಳಿರಲಿಲ್ಲ.

“ಸುತ್ತ ಹೇಗಿದೆ? ಬರೀ ಕಲ್ಲಾ?”

“ಕಲ್ಲಲ್ಲ, ಕೊಬ್ಬು ಅಂದ್ರು.”

“ಕೊಬ್ಬಿದೆಯಾ? ಫಸ್ಟ್ ಕ್ಲಾಸು! ಕೊಬ್ಬಿದ ಮಣ್ಣಲ್ಲಿ ಬೇಗ ಹಿಡಿಯುತ್ತೆ. ನೀರು ನಿಲ್ಲುತ್ತಾ?”

“ಸಂಜೆ ಹೊತ್ತಿಗೆ ಕಾಲಲ್ಲಿ ಒಂಚೂರು.”

“ಕಾಲುವೇಲಿ ನಿಂತ್ರೆ ನಿಲ್ಲಲಿ, ಬುಡದಲ್ಲಿ ನಿಲ್ಲಬಾರದು. ಒಟ್ಟು ಹನ್ನೆರಡು ಅಲ್ವಾ?”

“ಯಾರಿಗೆ? ನಂಗಿರೋದು ಒಂದೇ.”

“ನಿಮ್ಮ ಪಾಲಿಗೆ ಒಂದಾ? ಸರಿ ಬಿಡಿ, ಎಷ್ಟಿದ್ರೂ ಇದೇ ಅಳತೆ.”

“ಎಷ್ಟು ವರ್ಷದಿಂದ ನೋಡ್ತಿದೀರಿ ನೀವು?”

“ಮೂವತ್ತು ವರ್ಷದಿಂದ ಇದೇ ಕೆಲಸ. ಕೈಗೆ ಲೆಕ್ಕ ಸಿಗಲ್ಲ.”

“ಎಲ್ಲರೂ... ಉಳಿದಿದಾರಾ?”

“ನೂರಕ್ಕೆ ಹತ್ತು ಹೋಗ್ತವೆ. ಅದು ಯಾರ ಕೈಲೂ ಇಲ್ಲ.”

ಮನುಷ್ಯರಿಗೆ ‘ಹೋಗ್ತವೆ’ ಎಂಬ ನಪುಂಸಕಲಿಂಗ ಕೇಳಿ ಗಮನಕ್ಕೆಯವರಿಗೆ ಒಂದು ಕ್ಷಣ ಮುಳ್ಳು ಚುಚ್ಚಿತು. ಆದರೆ ಯಜಮಾನ ಅಷ್ಟರಲ್ಲಿ ಕೈ ಒರೆಸಿಕೊಂಡು, ದುಂಡಗಿನ ಅಕ್ಷರದಲ್ಲಿ ಬರೆದು ಚೀಟಿ ಚಾಚಿದ.

‘ಗುಂಡಿಗೆ: ಬೇವಿನ ಹಿಂಡಿ ಒಂದು ಹಿಡಿ, ಚಹಾದ ಚರಟ ಎರಡು ಹಿಡಿ, ಒಲೆಬೂದಿ ಒಂದು ಹಿಡಿ. ಬೆಲ್ಲದ ನೀರಿನಲ್ಲಿ ಮೂರು ದಿನ ಕೊಳೆಸಿ ಹಾಕುವುದು. ಬೆಳಿಗ್ಗೆ ಎಳೆಬಿಸಿಲು ಬೀಳಬೇಕು. ಬುಡಕ್ಕೆ ಒಂದು ಬಿಂದಿಗೆ ನೀರು. ಬಾಗಿದರೆ ಕೋಲು ಕಟ್ಟುವುದು. ಹದಿನೈದನೆಯ ದಿನ ತುದಿ ಚಿವುಟುವುದು. ಮೂರು ವಾರದಲ್ಲಿ ಚಿಗುರದಿದ್ದರೆ ಕಿತ್ತು ಬೇರೆ ಹಾಕುವುದು.’

ಒಂದು ತಪ್ಪಿಲ್ಲ. ಒಂದು ಇಂಗ್ಲಿಷ್ ಶಬ್ದವಿಲ್ಲ. ‘ಹದಿನೈದನೆಯ’ ಎಂಬಲ್ಲಿ ಯಕಾರ ಕೂಡ ಬಿಟ್ಟಿಲ್ಲ. ಮೇಲೆ ತಲೆಬರಹದಲ್ಲಿ ಗುಂಡಿಗೆಯ ಹೆಸರು. ಇಷ್ಟು ಶುದ್ಧವಾದ ಬರಹ ಮನುಷ್ಯನಿಗೆ ಕೇಡು ಮಾಡಲಾರದೆಂದು ನಂಬಿದ ಓದುಗರಲ್ಲಿ ಗಮನಕ್ಕೆಯವರು ಮೊದಲಿಗರೇನಲ್ಲ.

“ಇದು ಗಿಡಕ್ಕೆ ಹಾಕೋ ಗೊಬ್ಬರದ ಹಾಗಿದೆಯಲ್ರೀ,” ಎಂದಳು ಹೆಂಡತಿ, ಚೀಟಿಯನ್ನು ಮೂಗಿನಿಂದ ದೂರ ಹಿಡಿದು. ಚೀಟಿಗೇ ವಾಸನೆ ಬಂದವಳಂತೆ.

“ಗಿಡಮೂಲಿಕೆ ಅಂದ್ರೇನೇ? ಗಿಡಕ್ಕೆ ಒಳ್ಳೇದಾದದ್ದು ಮನುಷ್ಯನಿಗೆ ಕೆಟ್ಟದ್ದಾಗುತ್ತಾ?”

“ಮತ್ತೆ ಕಿತ್ತು ಬೇರೆ ಹಾಕೋದು ಅಂತಿದೆ?”

“ಈಗಿನ ಕಾಲದಲ್ಲಿ ಗುಂಡಿಗೇನೇ ಕಿತ್ತು ಬೇರೆ ಹಾಕ್ತಾರೆ. ಪೇಪರು ಓದಲ್ವಾ ನೀನು? ಅಲ್ಲಿಗೆ ಹೋಗದೇ ಇರಲಿ ಅಂತಾನೇ ಮೊದಲು ಇದು.”

ಕೊಳೆತ ಮೇಲೆ ದಿನಾ ಒಂದು ಲೋಟ ತಾನೇ ತುಂಬಿಸಿ ಕೊಡುತ್ತೇನೆಂದಳು. ಹೆಂಡತಿ ಕೊನೆಗೂ ದಾರಿಗೆ ಬಂದಳೆಂದು ಗಮನಕ್ಕೆಯವರು ತಿಳಿದುಕೊಂಡರು.

ಮೂರು ದಿನ ಕೊಳೆತ ಮಡಕೆಯ ಮುಚ್ಚಳ ತೆಗೆದಾಗ ಮಹಡಿಯ ಟೈಲರು ಕಿಟಕಿ ಮುಚ್ಚಿದ. ಗಮನಕ್ಕೆಯವರು ಕಣ್ಣು ಮುಚ್ಚಿ ಒಂದು ಲೋಟ ಒಳಗೆ ಇಳಿಸಿದರು. ಬೂದಿ ಗಂಟಲಿನ ಆ ಕಡೆ ಈ ಕಡೆ ಅಂಟಿತು, ಹಿಂಡಿ ನಡುವೆ ನಿಂತಿತು, ಚಹಾದ ಚರಟ ಹಲ್ಲಿನ ಸಂದಿಗಳಲ್ಲಿ ಮನೆ ಮಾಡಿತು. ಆಮೇಲೆ ಅವರು ಅಂಗಳಕ್ಕೆ ಹೋಗಿ ಎಳೆಬಿಸಿಲಿಗೆ ಮುಖ ಮಾಡಿ ನಿಂತರು. ಹೆಂಡತಿ ‘ಬುಡ’ಕ್ಕೆ, ಎಂದರೆ ಪಾದಕ್ಕೆ, ಒಂದು ಬಿಂದಿಗೆ ನೀರು ಹುಯ್ದಳು.

ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದರು. “ಎಲ್ಲಿ ಬರೆದಿದೆ ಸಾರ್?” ಎಂದರು, ಹಳೆಯ ಬಾಕಿ ತೀರಿಸುವವರಂತೆ.

ಗಮನಕ್ಕೆಯವರು ಜೇಬಿನಿಂದ ಚೀಟಿ ತೆಗೆದು ತೋರಿಸಿದರು.

ಮೇಷ್ಟ್ರು ಎರಡು ಸಲ ಓದಿದರು. ಅವರ ಮುಖದ ಮೇಲಿನ ನಗು ಮೊದಲು ನಿಂತಿತು, ಆಮೇಲೆ ಭಕ್ತಿಯಾಯಿತು. “ಬಹಳ ಹಳೇ ಕ್ರಮ ಇದು. ಕೋಲು ಕಟ್ಟೋದು ಅಂದ್ರೆ ಬೆನ್ನು ನೆಟ್ಟಗಿರ್ಬೇಕು ಅಂತ. ಬೆನ್ನು ಬಾಗಿದ್ರೆ ಗುಂಡಿಗೆ ಮಡಚಿಕೊಳ್ಳುತ್ತೆ. ಎಂಥಾ ಮಾತು ನೋಡಿ!” ಎಂದು ಮನೆಯಿಂದ ತಮ್ಮ ಮೂರಡಿ ಉದ್ದದ ಸ್ಕೇಲನ್ನೇ ತಂದು, ಗಮನಕ್ಕೆಯವರ ಅಂಗಿಯ ಒಳಗೆ ಬೆನ್ನಿಗೆ ಕಟ್ಟಿದರು. ಮರುದಿನ ತಮಗೂ ಒಂದು ಲೋಟ ಕೇಳಿದರು. ಅದರ ಮರುದಿನ ಟೈಲರು ಬಟ್ಟೆ ಅಳೆಯುವ ಕೋಲನ್ನು ತಾನೇ ಕಟ್ಟಿಕೊಂಡು ಇಳಿದು ಬಂದ. ಒಂದು ವಾರವಾಗುವಷ್ಟರಲ್ಲಿ ಬೆಳಿಗ್ಗೆ ಏಳು ಗಂಟೆಗೆ ಆ ಬೀದಿಯಲ್ಲಿ ಹೋದವರಿಗೆ, ಬೆನ್ನಿಗೆ ಕೋಲು ಕಟ್ಟಿಕೊಂಡು ಪಾದ ಒದ್ದೆ ಮಾಡಿಕೊಂಡು ಪೂರ್ವಕ್ಕೆ ಮುಖ ಮಾಡಿ ಸಾಲಾಗಿ ನಿಂತ ಒಂಬತ್ತು ಮಂದಿ ಕಾಣುತ್ತಿದ್ದರು. ಹಾಲು ಹಾಕುವವನು ಸೈಕಲ್ ಇಳಿದು, ಇಲ್ಲಿ ಯಾರದೋ ಸಾವಾಗಿದೆಯೆಂದು ಸದ್ದಿಲ್ಲದೆ ತಳ್ಳಿಕೊಂಡು ಹೋಗುತ್ತಿದ್ದ.

ಸ್ಕೇಲಿನಿಂದಾಗಿ ಗಮನಕ್ಕೆಯವರು ಗಾಜಿನ ಗೂಡಿನಲ್ಲಿ ನೆಟ್ಟ ಕಂಬದಂತೆ ಕೂರುತ್ತಿದ್ದರು. ಮೇಲ್ವಿಚಾರಕರು ಹೊರಗಿನಿಂದ ನೋಡಿ, “ನಿಮ್ಮಲ್ಲಿ ಏನೋ ಒಂದು ಗಾಂಭೀರ್ಯ ಬಂದಿದೆ ಗಮನಕ್ಕೆ,” ಎಂದರು.

“ಎಲ್ಲಾ ನಿಮ್ಮ ಕೃಪೆ,” ಎಂದರು ಗಮನಕ್ಕೆ. ಯಾವ ಕೃಪೆಯೆಂದು ಮೇಲ್ವಿಚಾರಕರಿಗೆ ತಿಳಿಯಲಿಲ್ಲ. ಅವರಿಗೆ ತಮ್ಮ ಹನ್ನೆರಡು ಸಸಿಗಳದೇ ಚಿಂತೆ. ನೆಟ್ಟ ದಾಸವಾಳ ಒಂದೂ ತಲೆ ಎತ್ತಿರಲಿಲ್ಲ. ಕಸ ಗುಡಿಸುವಾಕೆಯನ್ನು ನರ್ಸರಿಗೆ ಕಳಿಸಿದರೆ ‘ಚೀಟಿ ಆವತ್ತೇ ಕೊಟ್ಟಿದೀನಿ, ಅದರ ಪ್ರಕಾರ ಹಾಕಿ’ ಎಂಬ ಉತ್ತರ ಬಂತು. ಚೀಟಿ ಕಚೇರಿಯ ಯಾವ ಫೈಲಿನಲ್ಲೂ ಸಿಗಲಿಲ್ಲ. ಸಿಗದ ಕಾಗದ ಯಾವುದೋ ಮೇಜಿನ ಮೇಲೆ ಸುರಕ್ಷಿತವಾಗಿರುತ್ತದೆ ಎಂಬುದು ಕಚೇರಿಗಳ ನಂಬಿಕೆ, ಎಲ್ಲರೂ ಸುಮ್ಮನಾದರು.

ಹದಿನೈದನೆಯ ದಿನ ಬಂತು. ತುದಿ ಚಿವುಟಬೇಕು. ಯಾವ ತುದಿ?

ಅಂಗಳದಲ್ಲಿ ಸಭೆ ಸೇರಿತು. ಟೈಲರು ಉಗುರು ಎಂದ. ಅವನಿಗೆ ಬೇರೆ ಯಾವುದಕ್ಕೂ ಧೈರ್ಯವಿರಲಿಲ್ಲ. “ಉಗುರು ವಾರಕ್ಕೊಮ್ಮೆ ಕತ್ತರಿಸೋದೇ. ಅದಕ್ಕೆ ಚೀಟಿ ಯಾಕೆ ಬೇಕು?” ಎಂದರು ಮೇಷ್ಟ್ರು. ಅವರ ಕಣ್ಣು ಗಮನಕ್ಕೆಯವರ ಮುಖದ ಮೇಲೆ ಸುತ್ತಾಡಿ ಮೀಸೆಯ ಮೇಲೆ ನಿಂತಿತು. ಇಪ್ಪತ್ತೆರಡು ವರ್ಷದ, ಎರಡೂ ಕಡೆ ಚೂಪಾಗಿ ಮೇಲಕ್ಕೆ ಹೋದ ಮೀಸೆ. “ತುದಿ ಅಂತ ಇದ್ರೆ ಅದೊಂದೇ ಸಾರ್ ಇಲ್ಲಿ.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಬೇಡ ಕಣ್ರೀ, ಅದೊಂದು ಬಿಟ್ಬಿಡಿ,” ಎಂದಳು. ಕತ್ತರಿ ಟೈಲರಿನದೇ. ಎರಡು ಸಲ ಕಚಕ್ ಎಂದಿತು. ಕನ್ನಡಿಯಲ್ಲಿ ನೋಡಿಕೊಂಡ ಗಮನಕ್ಕೆಯವರಿಗೆ ತನ್ನ ಮುಖ ಯಾರೋ ದೂರದ ನೆಂಟನ ಮುಖದಂತೆ ಕಂಡಿತು.

ಆ ಹೊತ್ತಿಗೆ ಗಂಟಲಿನ ಕಥೆ ಶುರುವಾಗಿ ಒಂದು ವಾರವಾಗಿತ್ತು. ಮೊದಲು ಸ್ವರ ಸ್ವಲ್ಪ ಗಡಸಾಯಿತು. ಅದನ್ನೂ ಗಾಂಭೀರ್ಯದ ಲೆಕ್ಕಕ್ಕೆ ಹಾಕಿದರು. ಆಮೇಲೆ ನಡುನಡುವೆ ಅಕ್ಷರಗಳು ಬಿದ್ದುಹೋಗತೊಡಗಿದವು. ‘ಐದನೇ ಅಂಕಣ’ ಎಂದದ್ದು ‘ಐ... ಕಣ’ ಎಂದು ಕೇಳಿ ಪ್ರಯಾಣಿಕರು ಎಂಟಕ್ಕೂ ಹೋದರು, ಒಂದಕ್ಕೂ ಹೋದರು. ಮದುವೆ ದಿಬ್ಬಣವೊಂದು ಜೈಲಿನ ರಸ್ತೆಗೆ ಹೋಗುವ ಬಸ್ಸು ಹತ್ತಿ, ವರ ಮಾತ್ರ ಇಳಿಯಲು ಒಪ್ಪಲಿಲ್ಲವಂತೆ. ಇದು ಕಂಡಕ್ಟರುಗಳು ಕಟ್ಟಿದ್ದೂ ಇರಬಹುದು.

“ದೋಷ ಹೊರಗೆ ಬರ್ತಿದೆ ಸಾರ್,” ಎಂದರು ಮೇಷ್ಟ್ರು. ಅವರ ಸ್ವರವೂ ಕಪ್ಪೆಯದಾಗಿತ್ತು. ಆದರೆ ಅವರು ಯಾರನ್ನೂ ಯಾವ ಬಸ್ಸಿಗೂ ಹತ್ತಿಸಬೇಕಾಗಿರಲಿಲ್ಲ. “ಗುಂಡಿಗೆಯಿಂದ ಹೊರಟದ್ದು ಗಂಟಲಿಗೆ ಬಂದಿದೆ. ಇನ್ನೊಂದೇ ನಿಲ್ದಾಣ.”

“ಆ ಲೋಟ ಇನ್ನು ಕಡಿಮೆ ಮಾಡಿ,” ಎಂದಳು ಹೆಂಡತಿ. “ಗಂಟಲು ಕಟ್ಟಿದೆ. ಅರ್ಧ ಲೋಟ ಕುಡೀರಿ ಸಾಕು.”

“ಪೂರ್ತಿ ಲೋಟ,” ಎಂದರು ಗಮನಕ್ಕೆ, ಸ್ವರವಿಲ್ಲದೆ, ಬರೀ ತುಟಿಯಲ್ಲಿ. ಮೈಕು ಉಳಿಯಬೇಕಾದರೆ ಗುಂಡಿಗೆ ಇಳಿಯಬೇಕು. ಗುಂಡಿಗೆ ಇಳಿಯಬೇಕಾದರೆ ಲೋಟ ಏರಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಮೈಕಿಗೆ ಗುಂಡಿಗೆಯ ಜೊತೆ ಗಂಟಲೂ ಬೇಕೆಂಬುದೊಂದು ಅವರ ತಲೆಗೆ ಹೊಳೆಯಲಿಲ್ಲ, ಸುತ್ತೋಲೆಯಲ್ಲಿ ಅದು ಇರಲಿಲ್ಲವಾದ್ದರಿಂದ.

ಮೂರು ವಾರ ತುಂಬಿದ ದಿನ ಡಾಕ್ಟರು ಪಟ್ಟಿ ಸುತ್ತಿ ಗಾಳಿ ಹೊಡೆದು, ಇನ್ನೊಂದು ಸಲ ಹೊಡೆದು, ನಕ್ಕರು.

“ನೂರ ಇಪ್ಪತ್ತೆಂಟು, ಎಂಬತ್ತೆರಡು! ಭೇಷ್. ಮಾತ್ರೆ ಚೆನ್ನಾಗಿ ಹಿಡಿಸಿದೆ ನಿಮಗೆ.”

ಗಮನಕ್ಕೆಯವರು ಬಾಯಿ ತೆರೆದರು. ಒಣಗಿದ ಬಾವಿಗೆ ಬಿಟ್ಟ ರಾಟೆಯ ಸದ್ದು ಬಂತು.

“ಏನಾಯ್ತು ಗಂಟಲಿಗೆ? ಆ ಅನ್ನಿ.” ಡಾಕ್ಟರು ಬ್ಯಾಟರಿ ಹಾಕಿ ಇಣುಕಿ ನೋಡಿ, ಬ್ಯಾಟರಿ ಆರಿಸಿದರು. “ಒಳಗೆಲ್ಲಾ ಉಜ್ಜಿ ಗಾಯ ಆಗಿದೆಯಲ್ರೀ! ಸ್ವರದ ತಂತಿಗಳೇ ಊದಿವೆ. ಬೇಗ ಗಂಟಲಿನ ಡಾಕ್ಟ್ರಿಗೆ ತೋರಿಸಿ. ಸ್ವರ ಬಂದ್ರೂ ಬರಬಹುದು, ಬರದೇನೂ ಇರಬಹುದು.” ಆಮೇಲೆ ಅರ್ಜಿ ನೋಡಿ ಸಹಿ ಹಾಕಿದರು. “ಗಂಟಲಿಗೆ ಇದರಲ್ಲಿ ಕಾಲಂ ಇಲ್ಲ. ಹಾರ್ಟಿಗೆ ಇದೆ. ಅದು ಪಾಸು.”

ಗಮನಕ್ಕೆಯವರು ‘ಪಾಸು’ ಎಂಬುದಷ್ಟನ್ನೇ ಕೇಳಿಸಿಕೊಂಡರು. ತಿದ್ದಲೂ ಇಲ್ಲ.

ನಿಲ್ದಾಣದಲ್ಲಿ ಅಂದು ಮೇಲಧಿಕಾರಿಗಳು ಬಂದಿದ್ದರು. ಧ್ವನಿಯಂತ್ರ ಗಾಜಿನ ಗೂಡಿನ ಹೊರಗೆ ರಟ್ಟಿನ ಪೆಟ್ಟಿಗೆಯಲ್ಲಿ ಕಾದಿತ್ತು. ಗಮನಕ್ಕೆಯವರು ನೆಟ್ಟ ಬೆನ್ನಿನಲ್ಲಿ ನಡೆದು ಬಂದು ಯೋಗ್ಯತಾಪತ್ರವನ್ನು ಅವರ ಕೈಗಿತ್ತರು.

“ಇವರೇನಾ ಆ ಪ್ರಸಿದ್ಧ ಕಂಠ?” ಎಂದರು ಅಧಿಕಾರಿ. “ನಮ್ಮ ತಾಯಿ ಇವರ ಸ್ವರ ಕೇಳಕ್ಕೇ ಅರ್ಧ ಗಂಟೆ ಮುಂಚೆ ಬಂದು ಕೂರ್ತಿದ್ರು. ಪತ್ರ ಸರಿ ಇದೆ. ಹಾಗಿದ್ಮೇಲೆ ಆ ಪೆಟ್ಟಿಗೆ ವಾಪಸ್ ಕಳಿಸಿ. ಎಲ್ಲಿ ಸ್ವಾಮಿ, ಒಂದು ಘೋಷಣೆ ಆಗಲಿ, ಕೇಳೋಣ.”

ಗಮನಕ್ಕೆಯವರು ಗೂಡಿನೊಳಗೆ ಕೂತರು. ಮೈಕು ಹತ್ತಿರ ಎಳೆದುಕೊಂಡರು. ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಒಮ್ಮೆ ಕಣ್ಣು ಮುಚ್ಚಿ ತೆರೆದು, ಬಾಯಿಬಿಟ್ಟರು.

ಹದಿನಾಲ್ಕು ಧ್ವನಿವರ್ಧಕಗಳಿಂದ ಏಕಕಾಲಕ್ಕೆ ಗೇರು ಕಚ್ಚಿಕೊಂಡ ಲಾರಿಯ ಸದ್ದು ಹೊರಟಿತು. ಎರಡನೇ ಅಂಕಣದಲ್ಲಿದ್ದವರು ಬ್ರೇಕು ಹೋದ ಬಸ್ಸೊಂದು ಬರುತ್ತಿದೆಯೆಂದು ಮಕ್ಕಳನ್ನು ಎತ್ತಿಕೊಂಡು ಗೋಡೆಯತ್ತ ಓಡಿದರು. ಗಮನಕ್ಕೆಯವರು ನೀರು ಕುಡಿದು ಮತ್ತೆ ಪ್ರಯತ್ನಿಸಿದರು. ಈ ಸಲ ಒಂದನೇ ಅಂಕಣದವರೂ ಓಡಿದರು.

ಓಡಿದ ಜನ ಗೋಡೆಯ ಬಳಿಯ ಸಸಿಗಳನ್ನು ತುಳಿಯುವುದನ್ನು ಕಂಡು ನರ್ಸರಿಯ ಯಜಮಾನ ಕೂಗಾಡುತ್ತ ಒಳಗೆ ಬಂದ.

“ಸಾಹೇಬ್ರೇ, ತುಳಿಯೋದಿರಲಿ, ಮೊದಲೇ ಎಲ್ಲಾ ಒಣಗಿ ಕಡ್ಡಿಯಾಗಿವೆ! ನಾನು ಬರೆದುಕೊಟ್ಟದ್ದು ಏನೂ ಹಾಕೇ ಇಲ್ಲ ನೀವು.”

“ಯಾರಿಗ್ರೀ ಬರೆದುಕೊಟ್ರಿ? ಮೂರು ವಾರದಿಂದ ಹುಡುಕ್ತಿದೀನಿ,” ಎಂದರು ಮೇಲ್ವಿಚಾರಕರು.

“ಇವ್ರಿಗೇ.” ಯಜಮಾನ ಗಾಜಿನೊಳಗೆ ಬೆರಳು ತೋರಿಸಿದ. “ಮೀಸೆಗೆ ತುದಿ ಇತ್ತು ಆವತ್ತು. ಆದ್ರೂ ಇವ್ರೇ.”

ಮೇಲ್ವಿಚಾರಕರು ಗೂಡಿನ ಬಾಗಿಲು ತೆರೆದರು. “ಗಮನಕ್ಕೆ, ಇವರು ಚೀಟಿ ಕೊಟ್ಟಿದ್ರಾ?”

ಗಮನಕ್ಕೆಯವರು ತಲೆ ಆಡಿಸಿದರು. ಕೊಟ್ಟಿದ್ದರು.

“ಅದರಲ್ಲಿ ಬರೆದದ್ದು ಹಾಕಿದ್ರಾ?”

ಹಾಕಿದ್ದರು. ಒಂದು ದಿನವೂ ತಪ್ಪಿಸದೆ.

“ಎಲ್ಲಿಗೆ ಹಾಕಿದ್ರಿ ಮಹಾರಾಯರೇ?”

ಗಮನಕ್ಕೆಯವರ ಬಲಗೈ ನಿಧಾನವಾಗಿ ಮೇಲಕ್ಕೆ ಬಂದು ಎಡ ಎದೆಯ ಮೇಲೆ ನಿಂತಿತು. “ಗುಂಡಿಗೆಗೆ,” ಎಂದರು. ಮೈಕು ಇನ್ನೂ ಚಾಲೂ ಇತ್ತು. ಕೊನೆಯ ‘ಗೆ’ ಗಂಟಲಲ್ಲೇ ಉಳಿದು, ಹದಿನಾಲ್ಕು ಧ್ವನಿವರ್ಧಕಗಳಲ್ಲೂ ‘ಗುಂಡಿಗೆ’ ಎಂದಷ್ಟೇ ಕೇಳಿತು.

“ಹೌದು, ಗುಂಡಿಗೇ ಹಾಕೋಕೆ ಹೇಳಿದ್ದು. ಯಾವ ಗುಂಡಿಗೆ?” ಎಂದ ಯಜಮಾನ.

ಅಧಿಕಾರಿಗಳು ಚೀಟಿ ಕೇಳಿ ತೆಗೆದುಕೊಂಡು ಓದಿದರು. ಗೋಡೆಯ ಕಡೆ ನೋಡಿದರು. ಗಮನಕ್ಕೆಯವರ ಬೆನ್ನಿನ ಸ್ಕೇಲು ಕಾಲರಿನಿಂದ ಇಣುಕುತ್ತಿದ್ದದ್ದನ್ನು ನೋಡಿದರು. ಆಮೇಲೆ ರಟ್ಟಿನ ಪೆಟ್ಟಿಗೆಯ ಕಡೆ ಕೈ ಮಾಡಿ, “ಬಿಚ್ಚಿ,” ಎಂದರು.

ಬೀದಿಯವರು ಸುದ್ದಿಯನ್ನು ಅವರವರ ಯೋಗ್ಯತೆಗೆ ತಕ್ಕಂತೆ ತೆಗೆದುಕೊಂಡರು. ಮೇಷ್ಟ್ರು ಸ್ಕೇಲು ವಾಪಸ್ ಕೇಳಿ, ತಮಗೆ ಮೊದಲಿಂದಲೂ ಅನುಮಾನವಿತ್ತೆಂದರು. ಟೈಲರು ಮಾತ್ರ, “ಗೊಬ್ಬರ ಆದ್ರೇನಂತೆ, ನನ್ನ ಗ್ಯಾಸು ಹೋಗಿದೆ, ನಾನು ಬಿಡಲ್ಲ,” ಎಂದು ಮಡಕೆಯನ್ನು ಮಹಡಿಗೆ ಸಾಗಿಸಿದ.

ಗಮನಕ್ಕೆಯವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಒಂದು ಕಾಗದದ ಮೇಲೆ ಬರೆದು ಹೆಂಡತಿಗೆ ತೋರಿಸಿದರು: ‘ಗೊಬ್ಬರದಿಂದ ಗುಂಡಿಗೆ ಸರಿಹೋದದ್ದು ಹೇಗೆ?’

ಹೆಂಡತಿ ಕೈ ಒರೆಸಿಕೊಂಡು ಹೋಗಿ ಮೇಜಿನ ಖಾನೆ ಎಳೆದಳು. ಮಾತ್ರೆಯ ಪೊಟ್ಟಣ ಖಾಲಿ.

“ದಿನಾ ಲೋಟಕ್ಕೆ ಒಂದು, ಪುಡಿ ಮಾಡಿ ಹಾಕ್ತಿದ್ದೆ.”

ಗಮನಕ್ಕೆಯವರು ಪೊಟ್ಟಣವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದರು. ಮತ್ತೆ ಬರೆದರು: ‘ಹೇಳಬಾರದಿತ್ತೆ?’

“ಹೇಳಿದ್ರೆ ನುಂಗ್ತಿದ್ರಾ?”

‘ಗೊಬ್ಬರವನ್ನಾದರೂ ತಪ್ಪಿಸಬಹುದಿತ್ತಲ್ಲ?’

“ಆ ನಾತ ಇಲ್ದಿದ್ರೆ ಮಾತ್ರೆ ಕಹಿ ಗೊತ್ತಾಗ್ಬಿಡ್ತಿತ್ತು. ನಂಗೆ ಏನ್ರೀ ಗೊತ್ತು, ಒಂದು ಉಳಿಸಕ್ಕೆ ಹೋದ್ರೆ ಇನ್ನೊಂದು ಹೋಗುತ್ತೆ ಅಂತ?” ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡಳು. ಯಾವ ಭಾಷೆಯಲ್ಲಿ ಅಳಬೇಕೆಂದು ಈ ಸಲ ಕೇಳಲಿಲ್ಲ.

ಗಂಟಲಿನ ಡಾಕ್ಟರು ಎರಡು ತಿಂಗಳು ಔಷಧಿ ಕೊಟ್ಟು, ಪಿಸುಮಾತಿನಷ್ಟು ಸ್ವರ ಮರಳಿಸಿದರು. ಅದಕ್ಕಿಂತ ಹೆಚ್ಚಿನದು ತಮ್ಮ ಕೈಲಿಲ್ಲವೆಂದರು. ಈಗ ಗಮನಕ್ಕೆಯವರು ಕಳೆದ ವಸ್ತುಗಳ ಕೊಠಡಿಯಲ್ಲಿ ಕೂರುತ್ತಾರೆ. ಅಲ್ಲಿ ನಲವತ್ತು ಕೊಡೆ, ಒಂಟಿ ಚಪ್ಪಲಿಗಳು, ಹಲ್ಲಿನ ಸೆಟ್ಟೊಂದು, ಯಾರೂ ಕೇಳಿಕೊಂಡು ಬಾರದ ತಬಲಾ ಒಂದು ಇವೆ. ಗೋಡೆಯ ಮೇಲೆ ಧ್ವನಿವರ್ಧಕವೂ ಇದೆ. ಸಂಜೆ ಪಾಳಿಯ ಹುಡುಗಿ ಹೊಸ ಯಂತ್ರದ ಕೆಂಪು ಗುಂಡಿ ಒತ್ತಿದಾಗಲೆಲ್ಲ ಅದು ‘ಪ್ರಯಾಣಿಕರ ಘಮನಕ್ಕೆ, ಪ್ಲಾಟ್‌ಫಾರಂ ನಂಬರ್ ಮೂರು’ ಎನ್ನುತ್ತದೆ. ಪ್ರತಿ ‘ಘ’ಕ್ಕೂ ಗಮನಕ್ಕೆಯವರ ಭುಜ ಒಂದಿಷ್ಟು ಮೇಲೆದ್ದು ಕೆಳಗಿಳಿಯುತ್ತದೆ. ತಿದ್ದಲು ಬಾಯಿ ತೆರೆಯುತ್ತಾರೆ, ಕೊಡೆಗಳಿಗೂ ಕೇಳಿಸುವುದಿಲ್ಲ.

ಗುಂಡಿಗೆ ಮಾತ್ರ ಗಡಿಯಾರದಂತೆ ಹೊಡೆದುಕೊಳ್ಳುತ್ತಿದೆ. ಇನ್ನು ಮೂವತ್ತು ವರ್ಷಕ್ಕೆ ಮೋಸವಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆ ಮೂವತ್ತು ವರ್ಷ ಏನು ಮಾಡುವುದೆಂದು ಹೇಳಿಲ್ಲ.

ಬದಲಾವಣೆಯ ಆದೇಶ ತಡವಾಗಿ, ಮೊನ್ನೆ ಬಂತು. ಮೇಲ್ವಿಚಾರಕರ ಸಹಿಯ ಕೆಳಗೆ ಗಮನಕ್ಕೆಯವರು ‘ಓದಿದೆ’ ಎಂದು ಬರೆದು ವಾಪಸು ಕಳಿಸಬೇಕಿತ್ತು. ಆದೇಶ ಒಂದೇ ಸಾಲಿನದು: ‘ಈ ನಿಲ್ದಾಣದಲ್ಲಿ ಘೋಷಣೆಯ ಕೆಲಸವನ್ನು ಇಂದಿನಿಂದ ಗುಂಡಿಗೆ ವಹಿಸಲಾಗಿದೆ.’

ಕಿಟಕಿಯಾಚೆ ನರ್ಸರಿಯ ಯಜಮಾನ ಚಿಗುರದ ಹನ್ನೆರಡು ದಾಸವಾಳಗಳನ್ನು ಕಿತ್ತು ಬೇರೆ ಹಾಕುತ್ತಿದ್ದ. ಗಮನಕ್ಕೆಯವರು ಆ ಸಾಲನ್ನು ಮೂರು ಸಲ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದು, ‘ಗುಂಡಿಗೆ’ಯ ಮುಂದೆ ಬಾಣದ ಗುರುತು ಹಾಕಿ, ಮೇಲೆ ದುಂಡಗೆ ಒಂದು ‘ಗೆ’ ಸೇರಿಸಿದರು. ‘ಓದಿದೆ’ ಎಂದು ಬರೆದು ಕಳಿಸಿದರು.

ಕಾಗದ ಸಂಜೆಯೇ ತಿರುಗಿ ಬಂತು. ಸೇರಿಸಿದ ಅಕ್ಷರವನ್ನು ಮೇಲ್ವಿಚಾರಕರು ನೀಲಿ ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಷರಾ ಬರೆದಿದ್ದರು: ‘ಒಂದು ಗೆ ಸಾಕು.’